ಒಂದು ಪುಸ್ತಕಕ್ಕೆ ಹಚ್ಚಿದ ಬಣ್ಣ ಎಲ್ಲಕ್ಕೂ ಹತ್ತಿದರೆ: ಅಕ್ಸೆಸ್ ಫಾರ್ಮ್‌ನಲ್ಲಿ ದೋಷ ಹುಡುಕುವ ಬಗೆ

ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಲೈಬ್ರರಿ ಇದೆ. ಪುಸ್ತಕದ ಬೆನ್ನಿಗೆ ಬಣ್ಣದ ಸ್ಟಿಕ್ಕರ್ ಅಂಟಿಸುವುದು ಅಲ್ಲಿನ ಹಳೇ ರೂಢಿ. ಕಾದಂಬರಿಗೆ ತಿಳಿ ಹಳದಿ, ಕಥೆಗೆ ತಿಳಿ ಹಸಿರು, ಮಕ್ಕಳ ಪುಸ್ತಕಕ್ಕೆ ಗುಲಾಬಿ. ಹೀಗೆ ಒಟ್ಟು ಆರು. ಪುಸ್ತಕಗಳ ಪಟ್ಟಿಯನ್ನು ನಾನೇ ಮೈಕ್ರೋಸಾಫ್ಟ್ ಅಕ್ಸೆಸ್‌ನಲ್ಲಿ ಮಾಡಿಕೊಟ್ಟಿದ್ದೆ. ಅದು ಮಾಹಿತಿಯನ್ನು ಟೇಬಲ್‌ಗಳಲ್ಲಿ ಇಡುವ ಡೇಟಾಬೇಸ್ ತಂತ್ರಾಂಶ; ಆ ಮಾಹಿತಿಯನ್ನು ಸ್ಕ್ರೀನ್ ಮೇಲೆ ತೋರಿಸುವ ಪುಟಕ್ಕೆ ಅಲ್ಲಿ ಫಾರ್ಮ್ ಅನ್ನುತ್ತಾರೆ. ‘ಸ್ಕ್ರೀನ್ ಮೇಲೂ ಅದೇ ಬಣ್ಣ ಬರೋ ಹಾಗೆ ಮಾಡಿಕೊಡಿ ಸರ್’ ಅಂದರು ಲೈಬ್ರರಿ ನೋಡಿಕೊಳ್ಳುವ ಮೇಡಂ. ಹತ್ತು ನಿಮಿಷದ ಕೆಲಸ ಅಂದುಕೊಂಡು ಕೂತೆ. ಮೂರು ಶನಿವಾರ ಹೋಯಿತು.

ಆ ಮೂರು ಶನಿವಾರಗಳಲ್ಲಿ ಒಂದಾದ ಮೇಲೊಂದು ಎದುರಾದ ತೊಂದರೆಗಳು, ಅವುಗಳ ಕಾರಣ ಹುಡುಕಿದ ರೀತಿ ಇಲ್ಲಿದೆ. ನಿಮ್ಮದು ಔಷಧಿ ಪಟ್ಟಿ ಇರಬಹುದು, ಬೀಜದ ಅಂಗಡಿಯ ದಾಸ್ತಾನು ಇರಬಹುದು. ದೋಷ ಮಾತ್ರ ಇವೇ ಇರುತ್ತವೆ. ಹೇಳಿಬಿಡುತ್ತೇನೆ: ಕೆಳಗೆ ಫೀಲ್ಡ್ (ಅಂದರೆ ಟೇಬಲ್‌ನ ಕಾಲಂ) ಮತ್ತು ಫಂಕ್ಷನ್ ಹೆಸರುಗಳನ್ನು ಓದಲು ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆದಿದ್ದೇನೆ. ನಿಮ್ಮ ಫೈಲಿನಲ್ಲಿ ಅವು ಇಂಗ್ಲಿಷ್ ಹೆಸರೇ ಆಗಿರಲಿ. ಯಾಕೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಇಡೀ ಫಾರ್ಮ್ ಒಂದೇ ಬಣ್ಣ ಆಗುತ್ತದೆ

ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಫಾರ್ಮ್‌ನ ‘ಆನ್ ಕರೆಂಟ್’ ಈವೆಂಟಿನಲ್ಲಿ, ಅಂದರೆ ಒಂದು ಸಾಲಿಗೆ ಹೋದಾಗಲೆಲ್ಲ ನಡೆಯುವ ಕಡೆ, ಎರಡು ಸಾಲು ಕೋಡ್ ಬರೆದೆ. ವಿಭಾಗ 4 ಆಗಿದ್ದರೆ, ಅಂದರೆ ಮಕ್ಕಳ ಪುಸ್ತಕ ಆಗಿದ್ದರೆ, ಹಿನ್ನೆಲೆ ಗುಲಾಬಿ. ಇಲ್ಲದಿದ್ದರೆ ಬಿಳಿ. ತೋರಿಸಲು ಮೇಡಂ ಅವರನ್ನು ಕರೆದೆ. ಪಟ್ಟಿಯ ಮೊದಲನೇ ಪುಸ್ತಕ ಮಕ್ಕಳದ್ದೇ ಇತ್ತು. ಸ್ಕ್ರೀನಿನ ಮೇಲಿದ್ದ ಹದಿನೆಂಟು ಸಾಲೂ ಗುಲಾಬಿ.

‘ಏನ್ ಸರ್, ಎಲ್ಲಾ ಪುಸ್ತಕಾನೂ ಮಕ್ಕಳದ್ದೇ ಆಗೋಯ್ತಾ?’

ಎರಡನೇ ಸಾಲಿನ ಮೇಲೆ ಕ್ಲಿಕ್ ಮಾಡಿದೆ. ಅದು ಕಾದಂಬರಿ. ತಕ್ಷಣ ಎಲ್ಲ ಬಿಳಿ.

ಕೋಡ್ ತಪ್ಪಿರಲಿಲ್ಲ. ಫಾರ್ಮ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದೇ ನನಗೆ ತಿಳಿದಿರಲಿಲ್ಲ. ಒಂದರ ಕೆಳಗೊಂದು ಸಾಲು ಕಾಣುವ ಫಾರ್ಮ್‌ಗೆ ಅಕ್ಸೆಸ್‌ನಲ್ಲಿ ‘ಕಂಟಿನ್ಯೂಯಸ್ ಫಾರ್ಮ್’ ಅನ್ನುತ್ತಾರೆ. ಹದಿನೆಂಟು ಸಾಲು ಕಾಣುತ್ತಿದ್ದರೆ ಅಲ್ಲಿ ಹದಿನೆಂಟು ಬಾಕ್ಸ್ ಇದೆ ಅಂತ ನಮ್ಮ ಕಣ್ಣು ನಂಬುತ್ತದೆ. ಇರುವುದು ಒಂದೇ ಬಾಕ್ಸ್. ರಂಗೋಲಿ ಅಚ್ಚು ನೋಡಿದ್ದೀರಲ್ವಾ? ಒಂದೇ ಅಚ್ಚನ್ನು ಹೊಸಿಲ ಉದ್ದಕ್ಕೂ ಒತ್ತಿಕೊಂಡು ಹೋಗುತ್ತೇವೆ. ಹೂವು ಹದಿನೆಂಟು, ಅಚ್ಚು ಒಂದು. ‘ಬ್ಯಾಕ್ ಕಲರ್’ ಬದಲಿಸಿದಾಗ ನಾನು ಬದಲಿಸಿದ್ದು ಅಚ್ಚನ್ನು. ಹಾಗಾಗಿ ಎಲ್ಲ ಹೂವೂ ಬದಲಾಯಿತು.

‘ಆನ್ ಕರೆಂಟ್’ ಕೋಡಿನಲ್ಲಿ ಎಷ್ಟು ಒದ್ದಾಡಿದರೂ ಇದಕ್ಕೆ ದಾರಿ ಇಲ್ಲ. ‘ಆನ್ ಲೋಡ್’ಗೆ ಹಾಕಿದರೂ ಅಷ್ಟೇ, ಬಾಕ್ಸಿನ ಹೆಸರು ಹಿಡಿದು ಬರೆದರೂ ಅಷ್ಟೇ. ಪ್ರತಿ ಸಾಲನ್ನೂ ಸ್ಕ್ರೀನ್ ಮೇಲೆ ಬರೆಯುವಾಗ ಆ ಸಾಲಿನ ವಿಭಾಗ ನೋಡಿ ಬಣ್ಣ ತೀರ್ಮಾನಿಸುವ ಸುಲಭದ ಸೌಲಭ್ಯ ಒಂದಿದೆ: ಕಂಡೀಷನಲ್ ಫಾರ್ಮ್ಯಾಟಿಂಗ್. ಅಕ್ಸೆಸ್ 2000ದಿಂದ ಇದು ಇದೆ. ಡಿಸೈನ್ ವ್ಯೂನಲ್ಲಿ, ಅಂದರೆ ಫಾರ್ಮ್ ತಿದ್ದುವ ನೋಟದಲ್ಲಿ, ಬಾಕ್ಸ್ ಆರಿಸಿ, ‘ಫಾರ್ಮ್ಯಾಟ್’ ಟ್ಯಾಬಿಗೆ ಹೋಗಿ, ‘ಕಂಡೀಷನಲ್ ಫಾರ್ಮ್ಯಾಟಿಂಗ್’ ಒತ್ತಿ, ಅಲ್ಲಿ ‘ನ್ಯೂ ರೂಲ್’ ಒತ್ತಿ, ‘ಎಕ್ಸ್‌ಪ್ರೆಷನ್ ಈಸ್’ ಆರಿಸಿ, [ವಿಭಾಗ]=4 ಅಂತ ಬರೆಯಿರಿ. ಬಣ್ಣ ಕೊಡಿ. ಮುಗಿಯಿತು.

ಒಂದು ಸಾಲಿನ ಫಾರ್ಮ್, ಅಂದರೆ ಒಮ್ಮೆಗೆ ಒಂದೇ ಪುಸ್ತಕ ತೋರಿಸುವಂಥದ್ದು ಆಗಿದ್ದರೆ ‘ಆನ್ ಕರೆಂಟ್’ ಕೋಡ್ ಚೆನ್ನಾಗಿಯೇ ನಡೆಯುತ್ತದೆ. ನನ್ನಂಥವರು ಮೋಸ ಹೋಗುವುದೇ ಅಲ್ಲಿ. ಒಂಟಿ ಫಾರ್ಮ್‌ನಲ್ಲಿ ನಡೆದ ಕೋಡನ್ನು ಪಟ್ಟಿಗೆ ತಂದು ಹಾಕುತ್ತೇವೆ.

ಬಣ್ಣವೇ ಬರುವುದಿಲ್ಲ

ನಿಯಮ ಬರೆದೆ. ಸೇವ್ ಮಾಡಿದೆ. ಫಾರ್ಮ್ ತೆರೆದೆ. ಏನೂ ಇಲ್ಲ. ಎಲ್ಲ ಬಿಳಿ. ಎರರ್ ಮೆಸೇಜೂ ಇಲ್ಲ.

ಇಲ್ಲಿ ಹೆಚ್ಚಿನವರು ನಿಯಮವನ್ನು ಅಳಿಸಿ ಮತ್ತೆ ಬರೆಯುತ್ತಾರೆ. ನಾನೂ ನಾಲ್ಕು ಸಲ ಬರೆದೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಬಣ್ಣದ ನಿಯಮದಲ್ಲಿ ತಪ್ಪಿದ್ದರೆ ಅಕ್ಸೆಸ್ ಸಾಮಾನ್ಯವಾಗಿ ಬಾಯಿ ಬಿಡುವುದಿಲ್ಲ, ಸುಮ್ನೆ ಬಣ್ಣ ಹಚ್ಚದೆ ಬಿಟ್ಟುಬಿಡುತ್ತದೆ. ಹಾಗಾಗಿ ಅದರ ಬಾಯಿ ಬಿಡಿಸಬೇಕು. ಹೀಗೆ ಮಾಡಿ.

ಸಾಲಿನ ಕೊನೆಗೆ ಒಂದು ಹೊಸ ಟೆಕ್ಸ್ಟ್ ಬಾಕ್ಸ್ ಇಡಿ. ಅದರ ‘ಕಂಟ್ರೋಲ್ ಸೋರ್ಸ್’ನಲ್ಲಿ ಸಮ ಚಿಹ್ನೆ ಹಾಕಿ, ಅದರ ಮುಂದೆ ನಿಮ್ಮ ನಿಯಮವನ್ನು ಇದ್ದ ಹಾಗೇ ಬರೆಯಿರಿ: =[ವಿಭಾಗ]=4. ಫಾರ್ಮ್ ತೆರೆಯಿರಿ. ಈಗ ಪ್ರತಿ ಸಾಲಿನಲ್ಲೂ ನಿಯಮದ ಉತ್ತರ ಕಾಣುತ್ತದೆ. -1 ಬಂದರೆ ನಿಯಮ ಆ ಸಾಲಿಗೆ ನಿಜ. ಅಕ್ಸೆಸ್‌ನಲ್ಲಿ ‘ಹೌದು’ ಅನ್ನುವುದಕ್ಕೆ -1 ಅಂತಲೇ ಲೆಕ್ಕ, 1 ಅಲ್ಲ. 0 ಬಂದರೆ ಸುಳ್ಳು. ಖಾಲಿ ಬಂದರೆ ವಿಭಾಗವೇ ತುಂಬಿಲ್ಲ. ಹ್ಯಾಷ್ ಗುರುತಿನ ಜೊತೆ ‘ನೇಮ್’ ಅಂತ ಬಂದರೆ ಫೀಲ್ಡ್ ಹೆಸರನ್ನೇ ತಪ್ಪು ಬರೆದಿದ್ದೀರಿ.

ಈ ಒಂದು ಬಾಕ್ಸ್ ನನಗೆ ಮೂರನೇ ಶನಿವಾರ ಹೊಳೆಯಿತು. ಮೊದಲನೇ ಶನಿವಾರ ಹೊಳೆದಿದ್ದರೆ ಈ ಬರಹವೇ ಬೇಕಿರಲಿಲ್ಲ.

ಉತ್ತರ -1 ಇದ್ದೂ ಬಣ್ಣ ಬರುತ್ತಿಲ್ಲವಾದರೆ ತಪ್ಪು ನಿಯಮದಲ್ಲಿಲ್ಲ, ಬೇರೆ ಕಡೆ ಇದೆ. ನಿಯಮವನ್ನು ಯಾವುದಕ್ಕೆ ಹಾಕಿದ್ದೀರಿ ನೋಡಿ. ಟೆಕ್ಸ್ಟ್ ಬಾಕ್ಸ್ ಮತ್ತು ಕಾಂಬೋ ಬಾಕ್ಸ್‌ಗೆ (ಪಟ್ಟಿಯಿಂದ ಆರಿಸುವ ಬಾಕ್ಸ್) ಹಾಕಬಹುದು. ಲೇಬಲ್‌ಗೆ, ಚೆಕ್ ಬಾಕ್ಸ್‌ಗೆ, ಸಾಲುಗಳು ಕೂರುವ ಇಡೀ ‘ಡಿಟೈಲ್’ ಭಾಗಕ್ಕೆ ಆಗುವುದಿಲ್ಲ. ಆಮೇಲೆ ನಿಯಮಗಳ ಸಾಲು ನೋಡಿ. ಮೇಲಿನಿಂದ ಕೆಳಕ್ಕೆ ಓದುತ್ತಾ ಮೊದಲು ನಿಜವಾದ ನಿಯಮಕ್ಕೆ ಅಕ್ಸೆಸ್ ನಿಂತುಬಿಡುತ್ತದೆ. ಮೇಲೆ [ವಿಭಾಗ]>0 ಅಂತ ಒಂದು ನಿಯಮ ಉಳಿದುಹೋಗಿದ್ದರೆ ಕೆಳಗಿನ ಆರಕ್ಕೂ ಪಾಳಿ ಬರುವುದೇ ಇಲ್ಲ.

ವಿಭಾಗದ ಹೆಸರು ಕಣ್ಣಿಗೆ ಕಾಣುತ್ತದೆ, ನಿಯಮಕ್ಕೆ ಕಾಣುವುದಿಲ್ಲ

ಇದು ಎಲ್ಲಕ್ಕಿಂತ ಜಾಸ್ತಿ ಜನ ಬೀಳುವ ಗುಂಡಿ. ಸ್ಕ್ರೀನ್ ಮೇಲೆ ‘ಕಾದಂಬರಿ’ ಅಂತ ಸ್ಪಷ್ಟವಾಗಿ ಕಾಣುತ್ತಿದೆ. ನಿಯಮದಲ್ಲಿ [ವಿಭಾಗ]="ಕಾದಂಬರಿ" ಅಂತ ಬರೆದಿದ್ದೀರಿ. ಪರೀಕ್ಷೆಯ ಬಾಕ್ಸಿನಲ್ಲಿ -1 ಬರುವುದೇ ಇಲ್ಲ.

ಆ ಬಾಕ್ಸಿನಲ್ಲಿ ನಿಯಮ ತೆಗೆದು ಬರೀ =[ವಿಭಾಗ] ಅಂತ ಬರೆಯಿರಿ. ನನಗೆ ‘ಕಾದಂಬರಿ’ ಬರಲಿಲ್ಲ, 1 ಬಂತು. ಟೇಬಲ್‌ನಲ್ಲಿ ಇರುವುದು ಸಂಖ್ಯೆ. ವಿಭಾಗಗಳದ್ದೇ ಬೇರೆ ಟೇಬಲ್: 1 ಕಾದಂಬರಿ, 2 ಕಥೆ, 3 ಕವನ, 4 ಮಕ್ಕಳ ಪುಸ್ತಕ, 5 ಇತಿಹಾಸ, 6 ವಿಜ್ಞಾನ. ಕಾಂಬೋ ಬಾಕ್ಸ್ ಆ ಸಂಖ್ಯೆಯನ್ನು ಮುಚ್ಚಿಟ್ಟು ಹೆಸರನ್ನು ತೋರಿಸುತ್ತದೆ. ಟೇಬಲ್‌ಗೇ ‘ಲುಕಪ್’ ಹಾಕಿದ್ದರೆ ಟೇಬಲ್ ತೆರೆದರೂ ಹೆಸರೇ ಕಾಣುತ್ತದೆ, ಇನ್ನೂ ಗೊಂದಲ. ಟೇಬಲ್‌ನ ಡಿಸೈನ್ ವ್ಯೂನಲ್ಲಿ ಡೇಟಾ ಟೈಪ್ ‘ನಂಬರ್’ ಅಂತಿದ್ದರೆ ನಿಯಮವನ್ನೂ ಸಂಖ್ಯೆಯಲ್ಲೇ ಬರೆಯಿರಿ. ಸಂಖ್ಯೆಯ ಸುತ್ತ ಉದ್ಧರಣ ಚಿಹ್ನೆ ಬೇಡ.

ಹೆಸರಿನ ಬದಲು ಸಂಖ್ಯೆ ಇಟ್ಟುಕೊಳ್ಳುವುದು ನಮಗೆ, ಕನ್ನಡದಲ್ಲಿ ಡೇಟಾ ತುಂಬುವವರಿಗೆ, ಇನ್ನೂ ಒಂದು ಕಾರಣಕ್ಕೆ ಒಳ್ಳೆಯದು. ಅಕ್ಸೆಸ್‌ನ ಟೇಬಲ್ ಯೂನಿಕೋಡ್ ಕನ್ನಡವನ್ನು ಸಲೀಸಾಗಿ ಇಟ್ಟುಕೊಳ್ಳುತ್ತದೆ. ಆದರೆ ವಿಬಿಎ (ಅಕ್ಸೆಸ್‌ನ ಕೋಡ್ ಭಾಷೆ) ಬರೆಯುವ ಎಡಿಟರ್ ಹಳೇ ಕಾಲದ್ದು. ಅದು ವಿಂಡೋಸ್‌ನ ಹಳೆಯ ಕೋಡ್ ಪೇಜ್‌ಗಳನ್ನು, ಅಂದರೆ ಒಂದೊಂದು ಭಾಷೆಯ ಅಕ್ಷರಕ್ಕೆ ಸಂಖ್ಯೆ ಕೊಡುವ ಪಟ್ಟಿಗಳನ್ನು, ನಂಬಿಕೊಂಡಿದೆ, ಮತ್ತು ಕನ್ನಡಕ್ಕೆ ಅಂಥ ಕೋಡ್ ಪೇಜ್ ಇಲ್ಲ. ‘ಕಾದಂಬರಿ’ ಅಂತ ಪೇಸ್ಟ್ ಮಾಡಿ ನೋಡಿ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ. ಕೋಡ್ ಆಮೇಲೆ ಹೋಲಿಸುವುದು ಆ ಪ್ರಶ್ನೆ ಚಿಹ್ನೆಗಳನ್ನೇ! ಫೀಲ್ಡ್ ಹೆಸರು ಇಂಗ್ಲಿಷ್‌ನಲ್ಲಿರಲಿ ಅಂದಿದ್ದೂ ಇದಕ್ಕೇ. ಕನ್ನಡ ಅಕ್ಷರ ಕೋಡ್‌ನಲ್ಲಿ ಬೇಕೇ ಬೇಕು ಅಂದರೆ ಅದರ ಯೂನಿಕೋಡ್ ಸಂಖ್ಯೆ ಕೊಟ್ಟು ಹುಟ್ಟಿಸಬಹುದು. ‘ಕ’ ಅಕ್ಷರದ ಸಂಖ್ಯೆ 3221. ಒಂದು ಪದಕ್ಕೆ ಹೀಗೆ ಆರೇಳು ಸಂಖ್ಯೆ ಜೋಡಿಸುವ ಬದಲು ನೇರವಾಗಿ 1 ಅಂತ ಬರೆಯುವುದು ವಾಸಿ ಅಲ್ವಾ?

ಕೆಲವು ಸಾಲಿಗೆ ಬರುತ್ತದೆ, ಕೆಲವಕ್ಕೆ ಬರುವುದಿಲ್ಲ

ಈ ದೋಷ ನಿಯಮದಲ್ಲಿರುವುದಿಲ್ಲ, ಡೇಟಾದಲ್ಲಿರುತ್ತದೆ. ವಿಭಾಗವನ್ನು ಸಂಖ್ಯೆಯಲ್ಲಿ ಇಡದೆ ಹೆಸರಾಗಿಯೇ ತುಂಬಿರುವ ಹಳೇ ಪಟ್ಟಿಗಳಲ್ಲಿ ಇದು ಬರುತ್ತದೆ. ನಮ್ಮ ಪಟ್ಟಿಯ ಒಂದಷ್ಟು ಪುಸ್ತಕ ಹಳೆಯ ಎಕ್ಸೆಲ್ ಹಾಳೆಯಿಂದ ಬಂದಿದ್ದವು. ಸಂಖ್ಯೆಗೆ ಬದಲಿಸುವ ಮೊದಲು ಅದನ್ನು ಶುಚಿ ಮಾಡಬೇಕಾಯಿತು.

ಪರೀಕ್ಷೆಯ ಬಾಕ್ಸಿನಲ್ಲಿ ಈ ಸಲ ಉದ್ದ ಅಳೆಯಿರಿ. ‘ಲೆನ್’ ಅನ್ನುವ ಫಂಕ್ಷನ್ ಇದೆ: =ಲೆನ್([ವಿಭಾಗ]). ‘ಕಥೆ’ ನಮ್ಮ ಕಣ್ಣಿಗೆ ಎರಡಕ್ಷರ. ಅಕ್ಸೆಸ್‌ಗೆ ಮೂರು: ಕ, ಥ, ಆಮೇಲೆ ಎತ್ವದ ಗುರುತು. ಹಾಗಾಗಿ ‘ಕಥೆ’ ಇರುವ ಎಲ್ಲ ಸಾಲಿಗೂ 3 ಬರಬೇಕು. ನಮ್ಮಲ್ಲಿ ಕೆಲವಕ್ಕೆ 4 ಬಂತು. ಪದದ ಮುಂದೆ ಒಂದು ಖಾಲಿ ಜಾಗ ಕೂತಿತ್ತು. ‘ಟ್ರಿಮ್’ ಫಂಕ್ಷನ್ ಬಳಸಿ ಒಂದು ಅಪ್‌ಡೇಟ್ ಕ್ವೆರಿ (ಎಲ್ಲ ಸಾಲನ್ನೂ ಒಟ್ಟಿಗೆ ತಿದ್ದುವ ಆದೇಶ) ಓಡಿಸಿದರೆ ಹೋಗುತ್ತದೆ. ವೆಬ್ ಪುಟದಿಂದ ಕಾಪಿ ಮಾಡಿದ ಡೇಟಾದಲ್ಲಿ ಟ್ರಿಮ್‌ಗೂ ಬಗ್ಗದ ಖಾಲಿ ಜಾಗ ಇರುತ್ತದೆ. ಅದರ ಸಂಖ್ಯೆ 160. ಅದನ್ನು ‘ರಿಪ್ಲೇಸ್’ ಫಂಕ್ಷನ್‌ನಿಂದ ತೆಗೆಯಬೇಕು.

ಎರಡು ಸಾಲಿಗೆ ಮಾತ್ರ ಲೆಕ್ಕವೇ ಹೊಂದಲಿಲ್ಲ. ಅಲ್ಲಿದ್ದದ್ದು ಯೂನಿಕೋಡ್ ಅಲ್ಲ, ನುಡಿ ಫಾಂಟಿನಲ್ಲಿ ಹಿಂದೆ ಟೈಪ್ ಮಾಡಿದ್ದು. ಯಾರೋ ಆ ಎಕ್ಸೆಲ್ ಕೋಶಗಳಿಗೆ ಮಾತ್ರ ನುಡಿ ಫಾಂಟ್ ಕೊಟ್ಟಿದ್ದರಿಂದ ಅಲ್ಲಿ ಕನ್ನಡವಾಗಿ ಕಾಣುತ್ತಿತ್ತು. ಅಕ್ಸೆಸ್‌ಗೆ ತಂದಾಗ ನಿಜಬಣ್ಣ ಬಯಲಾಯಿತು. ಆ ಹಳೇ ಪದ್ಧತಿಯಲ್ಲಿ ‘ಕ’ ಅಂದರೆ ಒಳಗೆ ಇಂಗ್ಲಿಷಿನ ದೊಡ್ಡ ‘ಪಿ’, ಅದರ ಪಕ್ಕ ತಲೆಯ ಮೇಲೆ ಗೀರಿರುವ ‘ಎ’. ಅಂಥದ್ದು ಯಾವ ಯೂನಿಕೋಡ್ ‘ಕ’ಕ್ಕೂ ಸಮ ಆಗುವುದಿಲ್ಲ. ಎರಡೇ ಇದ್ದವು ಅಂತ ಕೈಯಲ್ಲೇ ತಿದ್ದಿದೆ. ಜಾಸ್ತಿ ಇದ್ದರೆ ಮೊದಲು ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಂಡು ಆಮೇಲೆ ತನ್ನಿ.

ಖಾಲಿ ಬಿಟ್ಟ ವಿಭಾಗದ್ದು ಬೇರೆಯೇ ಕಥೆ. ಇನ್ನೂ ವಿಂಗಡಿಸದ ಪುಸ್ತಕಗಳಿಗೆ ಬೂದು ಬಣ್ಣ ಕೊಡೋಣ ಅಂತ [ವಿಭಾಗ]=ನಲ್ ಅಂತ ಬರೆದೆ. ಒಂದಕ್ಕೂ ಬರಲಿಲ್ಲ. ನಲ್ ಅಂದರೆ ‘ಗೊತ್ತಿಲ್ಲ’. ‘ಗೊತ್ತಿಲ್ಲ’ ಅನ್ನುವುದಕ್ಕೆ ‘ಗೊತ್ತಿಲ್ಲ’ ಸಮವಾ ಅಂತ ಕೇಳಿದರೆ ಅಕ್ಸೆಸ್ ಅದಕ್ಕೂ ‘ಗೊತ್ತಿಲ್ಲ’ ಅನ್ನುತ್ತದೆ. [ವಿಭಾಗ]<>4 ಅಂತ ಬರೆದರೂ ಖಾಲಿ ಸಾಲು ಸಿಗುವುದಿಲ್ಲ. ಬರೆಯಬೇಕಾದ್ದು ಈಸ್‌ನಲ್([ವಿಭಾಗ]). ಇದನ್ನು ಹಾಕಿದ ಕೂಡಲೇ ಪಟ್ಟಿಯ ತುದಿಯಲ್ಲಿ ಹೊಸ ಪುಸ್ತಕಕ್ಕೆ ಬಿಟ್ಟಿರುವ ಖಾಲಿ ಸಾಲಿಗೂ ಬೂದು ಹತ್ತುತ್ತದೆ, ನೋಡಲು ಸಾಲು ಕೆಟ್ಟುಹೋದ ಹಾಗಿರುತ್ತದೆ. ಈಸ್‌ನಲ್([ವಿಭಾಗ]) ಅಂಡ್ ನಾಟ್ ಈಸ್‌ನಲ್([ಪುಸ್ತಕ_ಐಡಿ]) ಅಂದರೆ ಸರಿಹೋಗುತ್ತದೆ. ಹೊಸ ಸಾಲಿಗೆ ಏನಾದರೂ ಟೈಪ್ ಮಾಡುವವರೆಗೆ ಐಡಿ ಹುಟ್ಟಿರುವುದಿಲ್ಲ.

ಬಣ್ಣ ಬರುತ್ತದೆ, ಬೇರೆ ಬಣ್ಣ ಬರುತ್ತದೆ

ನಿಯಮಗಳನ್ನು ಕೈಯಲ್ಲಿ ಹಾಕದೆ ಕೋಡ್‌ನಿಂದ ಹಾಕುವವರಿಗೆ ಮಾತ್ರ ಇದು. ವಿಭಾಗದ ಟೇಬಲ್‌ನಲ್ಲೇ ಒಂದು ಬಣ್ಣದ ಫೀಲ್ಡ್ ಇಟ್ಟು, ಫಾರ್ಮ್ ತೆರೆಯುವಾಗ ಪ್ರತಿ ವಿಭಾಗಕ್ಕೂ ಒಂದೊಂದು ನಿಯಮ ಸೇರಿಸುವ ಕೋಡ್ ಬರೆದೆ. ಕಂಡೀಷನಲ್ ಫಾರ್ಮ್ಯಾಟಿಂಗ್‌ಗೆ ಫೀಲ್ಡಿನಿಂದ ನೇರವಾಗಿ ಬಣ್ಣ ಎತ್ತಿಕೊಳ್ಳಲು ಬರುವುದಿಲ್ಲ, ಅದಕ್ಕೇ ಈ ಸುತ್ತುದಾರಿ.

ಕಾದಂಬರಿಗೆ ತಿಳಿ ಹಳದಿ ಬೇಕಿತ್ತು: ಕೆಂಪು 255, ಹಸಿರು 242, ನೀಲಿ 204. ಪ್ರಾಪರ್ಟಿ ಶೀಟ್‌ನಲ್ಲಿ ಅದು ಎಫ್‌ಎಫ್‌ಎಫ್2ಸಿಸಿ. ಅದೇ ಆರು ಅಕ್ಷರವನ್ನು ಕೋಡ್‌ಗೆ ಹೆಕ್ಸ್ ಸಂಖ್ಯೆಯಾಗಿ ಕೊಟ್ಟೆ. ತಿಳಿ ನೀಲಿ ಬಂತು. ಕಥೆಯ ತಿಳಿ ಹಸಿರು ಮಾತ್ರ ಸರಿಯಾಗಿಯೇ ಇತ್ತು. ಇದರಿಂದ ತಲೆ ಕೆಟ್ಟಿತು. ಕೋಡ್ ತಪ್ಪಿದ್ದರೆ ಎರಡೂ ತಪ್ಪಬೇಕಿತ್ತಲ್ಲ?

ಎರಡೂ ತಪ್ಪಿದ್ದವು. ವಿಬಿಎ ಬಣ್ಣದ ಸಂಖ್ಯೆಯನ್ನು ಹಿಂದುಮುಂದಾಗಿ ಓದುತ್ತದೆ, ನೀಲಿ ಮೊದಲು, ಕೆಂಪು ಕೊನೆಗೆ. ಹಳದಿಯ 255, 242, 204 ತಿರುಗಿ 204, 242, 255 ಆಯಿತು. ಅದು ನೀಲಿ. ಹಸಿರಿನ 226, 239, 218 ತಿರುಗಿದರೆ 218, 239, 226. ಅದೂ ಹಸಿರೇ, ಕಣ್ಣಿಗೆ ವ್ಯತ್ಯಾಸ ತಿಳಿಯದಷ್ಟು ಹತ್ತಿರ. ಹೆಕ್ಸ್ ಬಿಟ್ಟು ಆರ್‌ಜಿಬಿ(255, 242, 204) ಅಂತ ಫಂಕ್ಷನ್ ಬಳಸಿ, ಈ ತಾಪತ್ರಯ ಇರುವುದಿಲ್ಲ. ಪರೀಕ್ಷೆಗೆ ಕಡು ಕೆಂಪು ಕೊಟ್ಟು ನೋಡಿ: ಸರಿ ಇದ್ದರೆ ಕೆಂಪು, ತಿರುಗಿದ್ದರೆ ನೀಲಿ. ತಿಳಿ ಬಣ್ಣಗಳು ಸುಳ್ಳು ಹೇಳುತ್ತವೆ.

ಕೋಡ್‌ನಿಂದ ನಿಯಮ ಸೇರಿಸುವ ಮೊದಲು ಹಳೆಯ ನಿಯಮಗಳನ್ನು ಅಳಿಸುವ ಸಾಲು ಇರಲಿ. ಇಲ್ಲದಿದ್ದರೆ ಹಳೆಯದೇ ಮೇಲೆ ಕೂತಿರುತ್ತದೆ.

ಇಡೀ ಸಾಲಿಗೆ ಬಣ್ಣ ಹಚ್ಚಲು ಹೋದಾಗ

ಒಂದು ಬಾಕ್ಸಿಗೆ ಹಚ್ಚಿದರೆ ಸಾಲದು, ಸಾಲು ಪೂರ್ತಿ ಬೇಕು ಅಂದರು. ಎಲ್ಲ ಬಾಕ್ಸುಗಳನ್ನೂ ಒಟ್ಟಿಗೆ ಆರಿಸಿ ಅದೇ ನಿಯಮ ಕೊಡಬಹುದು, ಆದರೆ ನಡುವಿನ ಸಂದುಗಳು ಬಿಳಿ ಉಳಿಯುತ್ತವೆ. ಚೆಂದ ಬರುವುದು ಹೀಗೆ: ಸಾಲಿನಷ್ಟೇ ಅಗಲ ಎತ್ತರದ ಒಂದು ಖಾಲಿ ಟೆಕ್ಸ್ಟ್ ಬಾಕ್ಸ್ ಇಟ್ಟು ‘ಸೆಂಡ್ ಟು ಬ್ಯಾಕ್’ ಮಾಡಿ. ಮೇಲಿನ ಬಾಕ್ಸುಗಳ ‘ಬ್ಯಾಕ್ ಸ್ಟೈಲ್’ ಅನ್ನು ‘ಟ್ರಾನ್ಸ್‌ಪರೆಂಟ್’ ಮಾಡಿ. ನಿಯಮಗಳೆಲ್ಲ ಹಿಂದಿನ ಬಾಕ್ಸಿಗೆ.

ಆಗ ಬರುವ ದೂರು: ‘ಮುಟ್ಟಿದ್ರೆ ಅಕ್ಷರ ಮಾಯ ಆಗುತ್ತೆ ಸರ್.’ ಹಿಂದಿನ ಬಾಕ್ಸಿನ ಮೇಲೆ ಕ್ಲಿಕ್ ಬಿದ್ದರೆ ಅದು ಎದ್ದು ಮುಂದೆ ಬರುತ್ತದೆ, ಉಳಿದವನ್ನು ಮುಚ್ಚುತ್ತದೆ. ಅದರ ‘ಎನೇಬಲ್ಡ್’ ನೋ, ‘ಲಾಕ್ಡ್’ ಯೆಸ್ ಮಾಡಿ. ಎರಡನ್ನೂ ಮಾಡಬೇಕು.

ಕರ್ಸರ್ ಇಟ್ಟ ಬಾಕ್ಸ್ ಮಾತ್ರ ಬಿಳಿಯಾಗಿ ಕಾಣುವುದು ದೋಷವಲ್ಲ. ಪಾರದರ್ಶಕ ಬಾಕ್ಸ್ ಕೆಲಸದಲ್ಲಿರುವಾಗ ತನ್ನ ಸ್ವಂತ ಬಣ್ಣ ತೋರಿಸುತ್ತದೆ. ಬಣ್ಣ ಇಲ್ಲದ ಸಾಲುಗಳು ಒಂದು ಬಿಟ್ಟು ಒಂದು ಬೂದಾಗಿ ಕಂಡರೆ ಡಿಟೈಲ್ ಭಾಗದ ‘ಆಲ್ಟರ್ನೇಟ್ ಬ್ಯಾಕ್ ಕಲರ್’ ಅನ್ನು ಅದರ ‘ಬ್ಯಾಕ್ ಕಲರ್’ಗೆ ಸಮ ಮಾಡಿ. ಎಕ್ಸೆಲ್ ಥರ ಕಾಣುವ ಡೇಟಾಶೀಟ್ ವ್ಯೂನಲ್ಲಿ ಈ ಹಿಂದಿನ ಬಾಕ್ಸಿನ ಉಪಾಯ ನಡೆಯುವುದಿಲ್ಲ. ಅಲ್ಲಿ ಪ್ರತಿ ಕಾಲಂಗೂ ನಿಯಮ ಕೊಡಲೇಬೇಕು.

ಸ್ಕ್ರೋಲ್ ಮಾಡುವಾಗ ಬಣ್ಣ ಮಿಣುಕಿದರೆ, ನಿಧಾನವಾಗಿ ಒಂದೊಂದೇ ಸಾಲಿಗೆ ಇಳಿದರೆ, ನಿಯಮದೊಳಗೆ ‘ಡಿ-ಲುಕಪ್’ ಇದೆಯಾ ನೋಡಿ. ಕಾಣುವ ಪ್ರತಿ ಸಾಲಿಗೂ, ಪ್ರತಿ ಸಲ ಬರೆಯುವಾಗಲೂ ಅದು ಟೇಬಲ್‌ಗೆ ಹೋಗಿ ಬರುತ್ತದೆ. ಬೇಕಾದ ಫೀಲ್ಡನ್ನು ಫಾರ್ಮ್‌ನ ಕ್ವೆರಿಯಲ್ಲೇ ಜಾಯಿನ್ ಮಾಡಿ ತಂದಿಟ್ಟುಕೊಳ್ಳಿ.

ನನ್ನ ಕಂಪ್ಯೂಟರಿನಲ್ಲಿ ಬರುತ್ತದೆ, ಅಲ್ಲಿ ಬರುವುದಿಲ್ಲ

ಎರಡು ಕಾರಣ. ಮೊದಲನೆಯದು ಆವೃತ್ತಿ. ಅಕ್ಸೆಸ್ 2007ರವರೆಗೆ ಒಂದು ಬಾಕ್ಸಿಗೆ ಮೂರೇ ನಿಯಮ. 2010ರಿಂದ ಐವತ್ತು. ಆರು ಬಣ್ಣ ಬೇಕು, ಅಲ್ಲಿರುವುದು ಹಳೆಯದು ಅಂದರೆ ಮೂರು ನಿಯಮ ಮತ್ತು ಬಾಕ್ಸಿನ ಮೂಲ ಬಣ್ಣ ಸೇರಿ ನಾಲ್ಕಕ್ಕೆ ತೃಪ್ತಿ ಪಡಬೇಕು.

ನಮ್ಮಲ್ಲಿದ್ದದ್ದು ಎರಡನೆಯದು. ಟೇಬಲ್‌ಗಳು ಒಂದು ಫೈಲಿನಲ್ಲಿ, ಫಾರ್ಮ್‌ಗಳು ಇನ್ನೊಂದರಲ್ಲಿ. ಫಾರ್ಮ್ ಇರುವ ಹೊಸ ಫೈಲನ್ನು ಲೈಬ್ರರಿಯ ಕಂಪ್ಯೂಟರಿಗೆ ಹಾಕಿ ಬಂದಿದ್ದೆ. ಮೇಡಂ ದಿನಾ ತೆರೆಯುತ್ತಿದ್ದದ್ದು ಡೆಸ್ಕ್‌ಟಾಪ್ ಮೇಲಿದ್ದ ಹಳೇ ಪ್ರತಿಯನ್ನು. ಪುಸ್ತಕಗಳೆಲ್ಲ ಸರಿಯಾಗಿ ಕಾಣುತ್ತಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಫಾರ್ಮ್‌ನ ತಲೆಯಲ್ಲಿ ಒಂದು ಲೇಬಲ್ ಇಟ್ಟು ಬದಲಿಸಿದ ತಾರೀಖು ಬರೆದುಬಿಡಿ. ಫೋನಿನಲ್ಲಿ ‘ಮೇಲೆ ಯಾವ ತಾರೀಖು ಇದೆ ಮೇಡಂ?’ ಅಂತ ಕೇಳಿದರೆ ಸಾಕು, ಅರ್ಧ ದಿನ ಉಳಿಯುತ್ತದೆ.

ಪ್ರಿಂಟ್ ತೆಗೆಯುವಾಗ

ಪ್ರಿಂಟ್‌ಗಾಗಿ ಮಾಡುವ ಪುಟಕ್ಕೆ ರಿಪೋರ್ಟ್ ಅನ್ನುತ್ತಾರೆ. ಅದರ ನಡವಳಿಕೆ ಫಾರ್ಮ್‌ನದ್ದಲ್ಲ. ಅಲ್ಲಿ ಡಿಟೈಲ್ ಭಾಗದ ‘ಆನ್ ಫಾರ್ಮ್ಯಾಟ್’ ಈವೆಂಟ್ ಪ್ರತಿ ಸಾಲಿಗೂ ನಡೆಯುತ್ತದೆ, ಹಾಗಾಗಿ ಫಾರ್ಮ್‌ನಲ್ಲಿ ಸೋತ ಕೋಡ್ ಇಲ್ಲಿ ಗೆಲ್ಲುತ್ತದೆ. ಆದರೆ ಪ್ರಿಂಟ್ ಪ್ರಿವ್ಯೂನಲ್ಲಿ ಮತ್ತು ಪ್ರಿಂಟ್‌ನಲ್ಲಿ ಮಾತ್ರ. ‘ರಿಪೋರ್ಟ್ ವ್ಯೂ’ನಲ್ಲಿ ಆ ಈವೆಂಟ್ ನಡೆಯುವುದೇ ಇಲ್ಲ. ಅಲ್ಲಿ ನೋಡಿ ಬಣ್ಣ ಬಂದಿಲ್ಲ ಅಂತ ತಲೆ ಕೆಡಿಸಿಕೊಳ್ಳಬೇಡಿ. ಮತ್ತೆ, ‘ಇಲ್ಲದಿದ್ದರೆ ಬಿಳಿ’ ಅನ್ನುವ ಸಾಲು ಮರೆಯಬೇಡಿ. ಮರೆತರೆ ಹಿಂದಿನ ಸಾಲಿನ ಬಣ್ಣ ಮುಂದಿನದಕ್ಕೂ ಇಳಿಯುತ್ತದೆ. ವಿಭಾಗದ ಹೆಸರಿನ ಕಾಲಂ ಕೂಡ ಇರಲಿ. ಲೈಬ್ರರಿಯ ಪ್ರಿಂಟರ್ ಕಪ್ಪು ಬಿಳುಪಿನದು, ತಿಳಿ ಹಳದಿ ಮತ್ತು ತಿಳಿ ಹಸಿರು ಅದರಲ್ಲಿ ಒಂದೇ ಬೂದು.

ಎಲ್ಲ ಸರಿಹೋದ ಮೇಲೆ ಪರೀಕ್ಷೆಯ ಬಾಕ್ಸನ್ನು ಅಳಿಸಬೇಡಿ. ‘ವಿಸಿಬಲ್’ ಅನ್ನು ನೋ ಮಾಡಿ ಹಾಗೇ ಬಿಡಿ. ನಮ್ಮ ಮೇಡಂ ಈಗ ‘ಜೀವನ ಚರಿತ್ರೆ’ಗೆ ಏಳನೇ ಬಣ್ಣ ಕೇಳುತ್ತಿದ್ದಾರೆ. ಸ್ಟಿಕ್ಕರ್ ಆಗಲೇ ತಂದಿಟ್ಟಿದ್ದಾರೆ, ನೇರಳೆ.